ಎಲ್ಲಿ ಸಿಕ್ಕಿಬಿದ್ದೆ ಎಂದು ಬರೆ

ಪ್ರೀತಿಯ ತಂಗಿಗೆ,

ಕಂಪ್ಯೂಟರ್ ಆಟವೊಂದರ ಬಗ್ಗೆ ನೀನು ಬರೆದು ಕಳಿಸಿದ ವಿಮರ್ಶೆಯನ್ನು ಎರಡು ಸಲ ಓದಿದೆ. ಕಥೆ ಚೆನ್ನಾಗಿದೆ, ಒಗಟು ಕಷ್ಟ, ಕೊನೆ ನಿರಾಸೆ ಎಂದು ಮೂರನ್ನೂ ಬೇರೆ ಬೇರೆ ತೂಗಿದ್ದೀಯ. ಪರದೆಯ ಮೇಲಿನ ವಸ್ತುಗಳನ್ನು ಮೌಸ್‌ನಿಂದ ಒತ್ತುತ್ತ ಒಗಟು ಬಿಡಿಸುವ ಇಂಥ ‘ಪಾಯಿಂಟ್ ಆ್ಯಂಡ್ ಕ್ಲಿಕ್’ ಸಾಹಸ ಆಟಗಳಲ್ಲಿ ಹಾಗೆ ಬಿಡಿಸಿ ನೋಡಲು ಬರುವುದಿಲ್ಲ. ಅಲ್ಲಿ ಕಥೆ ನಮ್ಮ ಕೈಗೆ ಸಿಗುವುದೇ ಒಗಟಿನ ಮೂಲಕ.

1990ರ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ನ ಕತ್ತಿವರಸೆಯನ್ನೇ ನೋಡು. ಕಡಲ್ಗಳ್ಳನಾಗಲು ಹೊರಟ ಗೈಬ್ರಷ್ ಅಲ್ಲಿ ಗೆಲ್ಲುವುದು ನಾಲಿಗೆಯ ಬಲದಿಂದ. ಎದುರಾಳಿ ಬೈದರೆ ತಕ್ಕ ಮರುಮಾತು ಕೊಡಬೇಕು. ದಾರಿಯಲ್ಲಿ ಸಿಕ್ಕವರ ಎದುರು ಸೋತು ಸೋತು ಬೈಗುಳವನ್ನೂ ಮರುಮಾತನ್ನೂ ಕಲಿಯುತ್ತೇವೆ. ಕೊನೆಗೆ ಕತ್ತಿವರಸೆಯಲ್ಲಿ ಎಲ್ಲರನ್ನೂ ಮೀರಿಸಿದ ಕಾರ್ಲಾಳ ಮುಂದೆ ನಿಂತರೆ, ಅವಳ ಬೈಗುಳಗಳೆಲ್ಲ ಹೊಸವು! ಆದರೆ ಹಳೆಯ ಮರುಮಾತುಗಳೇ ಅವಕ್ಕೂ ಒಪ್ಪುತ್ತವೆ. ಬಾಯಿಪಾಠ ಸಾಲದು, ಯಾವ ಏಟಿಗೆ ಯಾವ ಮಾತು ಎಂದು ಯೋಚಿಸಬೇಕು. ಗೈಬ್ರಷ್ ಪಳಗುವುದೂ ನಾವು ಪಳಗುವುದೂ ಒಂದೇ ಗಳಿಗೆಯಲ್ಲಿ. ಇಂಥದ್ದನ್ನು ಕಂಡರೆ ಒಂದು ಪುಟ ಬರೆದರೂ ತಪ್ಪಿಲ್ಲ.

ಅದೇ ತಂಡ 1991ರಲ್ಲಿ ಇದರ ಮುಂದುವರಿಕೆಯಾಗಿ ತಂದ ಎರಡನೆಯ ಆಟದಲ್ಲಿ ನಾನು ವಾರಗಟ್ಟಲೆ ಸಿಕ್ಕಿಬಿದ್ದೆ. ಜಲಪಾತದ ನೀರು ನಿಲ್ಲಿಸಲು ಪಂಪಿನ ವಾಲ್ವ್ ತಿರುಗಿಸಬೇಕು. ಅದಕ್ಕೆ ಬೇಕಾದದ್ದು ಪಿಯಾನೊ ನುಡಿಸುವ ಕೋತಿ! ಅದನ್ನು ಮಂಕುಗೊಳಿಸಿ ಹೊತ್ತು ತಂದು ಪಾನಾದಂತೆ ಬಳಸಬೇಕು. ಅಮೆರಿಕದಲ್ಲಿ ಅಂಥ ಪಾನಾಕ್ಕೆ ‘ಮಂಕಿ ರೆಂಚ್’ ಎನ್ನುತ್ತಾರೆ. ಪಾನಾ, ಸ್ಪ್ಯಾನರ್ ಎನ್ನುತ್ತ ಬೆಳೆದ ನನಗೆ ಅದು ಹೊಳೆಯುವುದಾದರೂ ಹೇಗೆ? ಆ ದ್ವೀಪಗಳ ಮೂಲೆಮೂಲೆ ಹುಡುಕಿದರೂ ಸಿಗದ ಉತ್ತರ, ಒಂದು ದೇಶದ ಆಡುಮಾತಿನಲ್ಲಿತ್ತು. ನೀನು ‘ಕಷ್ಟ’ ಎಂದು ಬರೆದೆಯಲ್ಲ, ಇದು ಕಷ್ಟವೋ ಅನ್ಯಾಯವೋ ಎಂದು ವಿಂಗಡಿಸು. 1999ರ ‘ಗೇಬ್ರಿಯಲ್ ನೈಟ್ 3’ ಎಂಬ ಬೇರೊಂದು ಆಟದಲ್ಲಿ ಬೆಕ್ಕಿನ ಕೂದಲಿನಿಂದ ಮೀಸೆ ಮಾಡಿ ಗೆಳೆಯನ ವೇಷ ಹಾಕಬೇಕು, ಆ ಗೆಳೆಯನಿಗೋ ಮೀಸೆಯೇ ಇಲ್ಲ. ಇದು ಅನ್ಯಾಯವೆನ್ನಲು ನನಗೆ ಸಂಕೋಚವಿಲ್ಲ.

ಆಟದ ಕೊನೆಯನ್ನು ತೂಗುವಾಗ ಅವಸರ ಬೇಡ. ಆ ಎರಡನೆಯ ಆಟದ ಕೊನೆಯಲ್ಲಿ ಗೈಬ್ರಷ್ ಮತ್ತು ಅವನ ವೈರಿ ಇದ್ದಕ್ಕಿದ್ದಂತೆ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿರುವ ಇಬ್ಬರು ಹುಡುಗರಾಗಿಬಿಡುತ್ತಾರೆ. ಮೊದಲ ಸಲ ನನಗೆ ಮೋಸವೆನಿಸಿತು. ಮತ್ತೆ ಆಡಿದಾಗ, ಕೊನೆಯ ಭಾಗ ನಡೆಯುವ ಕಡಲ್ಗಳ್ಳರ ಕಾಲದ ಸುರಂಗದಲ್ಲಿ ಲಿಫ್ಟ್ ಏಕಿದೆ, ಪಾನೀಯ ಮಾರುವ ಯಂತ್ರ ಏಕಿದೆ ಎಂದು ತಟ್ಟನೆ ಕಣ್ಣಿಗೆ ಬಿತ್ತು. ಸುಳಿವುಗಳನ್ನು ನಾನೇ ದಾಟಿ ಹೋಗಿದ್ದೆ. ಆದರೂ ಆ ಕೊನೆ ನನಗೆ ಪೂರ್ತಿ ಹಿಡಿಸಿಲ್ಲ, ಅದನ್ನೂ ಹೇಳಬೇಕು. ಅಷ್ಟು ಹೊತ್ತು ನಾನು ಗಳಿಸಿದ ಜಾಣತನಕ್ಕೆ ಅಲ್ಲಿ ಮಾಡಲು ಕೆಲಸವೇ ಉಳಿದಿರಲಿಲ್ಲ.

ನಿನ್ನ ಆಟವನ್ನು ಇನ್ನೊಮ್ಮೆ ಆಡು, ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಎಲ್ಲಿ ಸಿಕ್ಕಿಬಿದ್ದೆ, ಏನೇನು ಪ್ರಯತ್ನಿಸಿದೆ, ಎಲ್ಲಿ ಸೋತು ಬೇರೆಯವರು ಬರೆದಿಟ್ಟ ಉತ್ತರ ನೋಡಿದೆ, ಎಲ್ಲವನ್ನೂ ಆಗಿಂದಾಗಲೇ ಗುರುತು ಹಾಕಿಕೋ. ತಿದ್ದಿದ ಬರಹದ ಜೊತೆ ಆ ನೋಟ್‌ಬುಕ್ಕನ್ನೂ ಕಳಿಸು.

ನಿನ್ನ ಅಣ್ಣ