ಬಿ.ಎಚ್. ರೋಡಿನ ಆ ತುದಿಗೆ ಹೋಗಿ ಬಂದ ಮೇಲೆ

ಲೋ ಸೀನ,

ನಿನ್ನ ಪ್ಯಾಂಟಿನ ಜೇಬಿನಲ್ಲೂ ಮರಳು ಸಿಕ್ಕಿತಾ? ನನ್ನದರಲ್ಲಿ ಒಂದು ಹಿಡಿ ಇತ್ತು. ಭಾನುವಾರ ಅಮ್ಮ ಬಟ್ಟೆ ಒಗೆಯುವಾಗ ಸಿಕ್ಕಿದ್ದು. ಫೋನ್ ಮಾಡಿ ಹೇಳಬಹುದಿತ್ತು. ಆದರೆ ನಾಲ್ಕು ಜನ ಓದುವ ಕಡೆ ಬರೆದರೆ ಆಮೇಲೆ ಮಾತು ತಪ್ಪೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಇಬ್ಬರದೂ ಸೇರಿ 2,940 ರೂಪಾಯಿ. ತಲೆಗೆ 1,470. ರೈಲು, ಬಸ್ಸು, ಎರಡು ರಾತ್ರಿಯ ರೂಮು, ಊಟ ಎಲ್ಲ ಅದರಲ್ಲೇ ಬಂತು. ನಿನ್ನಿಂದ ಹಾಳಾದ ನೀಲಿ ಬಕೆಟ್ಟಿನ ದುಡ್ಡು ನಾನು ಸೇರಿಸಿಲ್ಲ. ಅದು ನಿನ್ನದೇ, ಮಾತಾಡಬೇಡ.

ಓದುತ್ತಿರುವ ನಮ್ಮೂರಿನವರಿಗೂ ದಾರಿ ಹೇಳಿಬಿಡುತ್ತೇನೆ. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ತುಮಕೂರಿಗೆ ನಡುರಾತ್ರಿಯ ಹೊತ್ತಿಗೆ ಬರುತ್ತದೆ. ನಾವು ಹತ್ತಿದ್ದು ಜನರಲ್ ಬೋಗಿ. ಕೂರಲು ಜಾಗ ಸಿಕ್ಕಿದ್ದು ಅರಸೀಕೆರೆ ದಾಟಿದ ಮೇಲೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ಅಡಿಕೆ ತೋಟ. ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ. ಅಲ್ಲಿಂದ ಸರ್ಕಾರಿ ಬಸ್ಸು. ಮಾವಿನಗುಂಡಿ, ಗೇರುಸೊಪ್ಪೆ ಘಟ್ಟ ಇಳಿದು, ಶರಾವತಿಯ ಜೊತೆಜೊತೆಗೇ ಹೊನ್ನಾವರ.

ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಮ್ಮ ಬಿ.ಎಚ್. ರೋಡಿನ ಎಚ್ ಇದೇ ಕಣೋ." ಬೆಂಗಳೂರು-ಹೊನ್ನಾವರ ರೋಡು. ಹುಟ್ಟಿದಾಗಿನಿಂದ ಅದರಲ್ಲೇ ಓಡಾಡಿದ್ದೇವೆ. ಟೌನ್‌ಹಾಲ್ ಸರ್ಕಲ್‌ನಲ್ಲಿ ಸಾವಿರ ಸಲ ನಿಂತಿದ್ದೇವೆ. ಆ ಹೆಸರಿನೊಳಗೆ ಒಂದು ಸಮುದ್ರ ಇದೆ ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಅಪ್ಸರಕೊಂಡದ ಕೆಳಗಿನ ಆ ದಂಡೆ. ನಾವು ಇಳಿದಾಗ ಒಂದು ನರಪಿಳ್ಳೆ ಇರಲಿಲ್ಲ, ಅಲ್ವಾ? ಅಂಗಡಿ ಇಲ್ಲ, ಹಾಡಿಲ್ಲ, ಪ್ಲಾಸ್ಟಿಕ್ ಕುರ್ಚಿ ಇಲ್ಲ. ನಮ್ಮ ಕಡೆಯ ಸರ್ವೆ ಮರಕ್ಕೆ ಅವರು ಗಾಳಿ ಮರ ಅನ್ನುತ್ತಾರಲ್ಲ, ಯಾಕೆ ಅಂತ ಅದರ ಕೆಳಗೆ ಮಲಗಿದಾಗ ಗೊತ್ತಾಯಿತು. ಅಲೆ ನಿಂತರೂ ಮರ ಸುಂಯ್ ಅನ್ನುತ್ತಲೇ ಇತ್ತು. ರೂಮು ಕೊಟ್ಟ ಅಜ್ಜಿ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಬಡಿಸಿದ್ದು, ನೀನು ಮುದ್ದೆ ಕೇಳಿದ್ದು, ಅವರು "ಅದೆಂತದು ಮಾರಾಯ" ಅಂದದ್ದು. ಎಷ್ಟೋ ದಿನಗಳ ನಂತರ ನಾನು ಅಷ್ಟು ನಕ್ಕಿದ್ದು ಅವತ್ತೇ.

ಮಾರನೆಯ ದಿನ ಕಾಸರಕೋಡಿನ ಟೊಂಕದ ಕಡೆ ನಡೆದಾಗ ನೋಡಿದ ಆ ಬಲೆಯ ಬೇಲಿ ನೆನಪಿದೆಯಾ? ಕಡಲಾಮೆಯ ಮೊಟ್ಟೆಗೆ ಕಟ್ಟಿದ್ದು. ಆಲಿವ್ ರಿಡ್ಲೆ ಆಮೆ ರಾತ್ರಿ ದಡಕ್ಕೆ ಬಂದು, ಗುಂಡಿ ತೋಡಿ, ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೋಗುತ್ತದೆ. ಮರಿ ಹೊರಗೆ ಬರೋದಕ್ಕೆ 45ರಿಂದ 60 ದಿನ ಬೇಕು. ಮನೆಗೆ ಬಂದು ಇದನ್ನು ಅಮ್ಮನಿಗೆ ಹೇಳಿದೆ. "ಹಂಗಾದ್ರೆ ತಾಯಿ ತಿರುಗಿ ನೋಡೋದೇ ಇಲ್ವಾ?" ಅಂದಳು. ಇಲ್ಲಮ್ಮ ಅಂದೆ. ತುಂಬಾ ಹೊತ್ತು ಅದನ್ನೇ ಯೋಚನೆ ಮಾಡುತ್ತಾ ಹೂ ಕಟ್ಟಿದಳು.

ಈಗ ಮರಳಿನ ವಿಷಯ. ಭಾನುವಾರ ಜೇಬು ಹೊರಳಿಸಿದಾಗ ಒಗೆಯುವ ಕಲ್ಲಿನ ಮೇಲೆ ಅದು ಉದುರಿತು. ನೀರು ಹೊಯ್ದುಬಿಡುತ್ತಾಳೆ ಅಂದುಕೊಂಡೆ. ಇಲ್ಲ. ಕೈ ಒರೆಸಿಕೊಂಡು, ಬೆರಳ ತುದಿಯಲ್ಲಿ ನಾಲ್ಕು ಕಾಳು ಒತ್ತಿಕೊಂಡು ನಾಲಿಗೆಗೆ ಇಟ್ಟುಕೊಂಡಳು. "ಉಪ್ಪಿದೆ ಕಣೋ." ಆಮೇಲೆ ಉಳಿದದ್ದನ್ನೆಲ್ಲ ಗುಡಿಸಿ ಒಂದು ಸ್ಟೀಲ್ ಮುಚ್ಚಳಕ್ಕೆ ತುಂಬಿದಳು. ಅದರಲ್ಲಿ ಉಗುರಿನಷ್ಟು ಒಂದು ಚಿಪ್ಪೂ ಇತ್ತು. ಮುಚ್ಚಳ ಈಗ ದೇವರ ಗೂಡಿನಲ್ಲಿದೆ.

"ಅಮಾನಿಕೆರೆಗಿಂತ ದೊಡ್ಡದಾ?" ಅಂತ ಕೇಳಿದಳು ಸೀನ. ಟಿ.ವಿ.ಯಲ್ಲಿ ಸಮುದ್ರ ನೋಡಿದ್ದಾಳೆ, ಗೊತ್ತಿಲ್ಲ ಅಂತಲ್ಲ. ಆದರೂ ಕೇಳಿದಳು. ಆಚೆ ದಡ ಕಾಣಲ್ಲಮ್ಮ ಅಂದೆ. ಅವಳಿಗೆ 58 ವರ್ಷ.

ಅವತ್ತು ರಾತ್ರಿ ಲೆಕ್ಕದ ಚೀಟಿ ತೆಗೆದು ನೋಡಿದೆ. 1,470. ಇಷ್ಟೇನಾ? ಇಷ್ಟೇ ದುಡ್ಡಿನ ಮಾತಾಗಿದ್ದರೆ ಇಷ್ಟು ವರ್ಷ ನಾನು ಹೇಳುತ್ತಿದ್ದದ್ದು ಏನು?

ನಿನಗೆ ಇದು ಗೊತ್ತಿಲ್ಲ. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತಲ್ಲ, ಅದಾದ ಮುಂದಿನ ತಿಂಗಳೇ ನಮ್ಮ ಬೀದಿಯ ಆರು ಜನ ಇಡಗುಂಜಿ, ಮುರುಡೇಶ್ವರಕ್ಕೆ ಹೊರಟರು. ಅಮ್ಮ ಆಧಾರ್ ಕಾರ್ಡು ತೆಗೆದು ಪರ್ಸಿಗೆ ಇಟ್ಟುಕೊಂಡೇ ನನ್ನ ಹತ್ತಿರ ಬಂದಳು. ಹೋಗಿ ಬರಲಾ ಅಂದಳು. ಈಗ ಕೈಯಲ್ಲಿ ದುಡ್ಡಿಲ್ಲಮ್ಮ, ಮುಂದಿನ ವರ್ಷ ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಬಸ್ಸಿಗೆ ಒಂದು ಪೈಸೆ ಬೇಕಿರಲಿಲ್ಲ. ಅದೇ ತಿಂಗಳು ನಾನು ಕಂತಿನಲ್ಲಿ ಹೊಸ ಫೋನ್ ತಗೊಂಡೆ. ಅಮ್ಮ ಮತ್ತೆ ಕೇಳಲಿಲ್ಲ.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಆದರೆ ಅದೂ ಪೂರ್ತಿ ನಿಜ ಅಲ್ಲ. ದುಡ್ಡು ಬರೀ ನೆಪ. ನಾಲ್ಕು ದಿನ ಅವಳು ಮನೆಯಲ್ಲಿ ಇಲ್ಲದಿದ್ದರೆ ಬೆಳಿಗ್ಗೆ ಅಂತರಸನಹಳ್ಳಿಗೆ ಹೋಗಿ ಹೂ ತರೋದು ಯಾರು, ನನ್ನ ಡಬ್ಬಿ ಕಟ್ಟೋದು ಯಾರು? ನಿಜವಾಗಿ ನನ್ನ ತಲೆಯಲ್ಲಿ ಇದ್ದದ್ದು ಅದು. ಅಮ್ಮ ಅಂದರೆ ಮನೆಯಲ್ಲೇ ಇರುವವಳು ಅಂತ ಎಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೆ. ಆ ದಂಡೆಯಲ್ಲಿ ಮೂರು ದಿನ ನೀನೂ ನಾನೂ ಎಷ್ಟು ಹಾಯಾಗಿದ್ದೆವು. ಒಂದು ಸಲವೂ ಅವಳ ನೆನಪಾಗಲಿಲ್ಲ ಸೀನ. ಇದನ್ನು ಬರೆಯುವಾಗ ಕೈ ನಡುಗುತ್ತಿದೆ.

ಸಾಕು ಬಿಡು. ಜಾಸ್ತಿ ಆಯಿತು. ಅಳಿಸಿಬಿಡೋಣ ಅನ್ನಿಸುತ್ತಿದೆ, ಆದರೆ ಅಳಿಸಲ್ಲ.

ಶಿವರಾತ್ರಿ ಆದ ಮೇಲೆ ಹೂವಿನ ಗಿರಾಕಿ ಸ್ವಲ್ಪ ಕಡಿಮೆ ಆಗುತ್ತದೆ. ಆಗ ಹೊರಡೋಣ. ಜನರಲ್ ಬೋಗಿ ಬೇಡ, ಅಮ್ಮನಿಗೆ ಮಂಡಿ ನೋವು. ಸ್ಲೀಪರ್‌ನಲ್ಲಿ ಕೆಳಗಿನ ಬರ್ತ್ ಕೇಳಿದ್ದೇನೆ. ತಾಳಗುಪ್ಪದಿಂದ ಆಚೆ ಅವಳದ್ದು ಫ್ರೀ, ನಮ್ಮಿಬ್ಬರದೇ ಟಿಕೆಟ್. ಅಜ್ಜಿಗೂ ಫೋನ್ ಮಾಡಿದೆ. ಬನ್ನಿ, ಮುದ್ದೆ ಮಾಡೋದು ನಿಮ್ಮ ಅಮ್ಮನ ಹತ್ತಿರ ಕಲಿಯುತ್ತೇನೆ ಅಂದರು. ರಾಗಿ ಹಿಟ್ಟು ನೀನು ತರಬೇಕು. ನೀಲಿ ಬಕೆಟ್ಟಿಗೆ ಅದೇ ದಂಡ.

ನಿನ್ನೆ ಅಮ್ಮನಿಗೆ ಹೇಳಿದೆ. ಏನೂ ಅನ್ನಲಿಲ್ಲ, ಮಲ್ಲಿಗೆ ಕಟ್ಟುತ್ತಲೇ ಇದ್ದಳು. ಮಲಗೋ ಹೊತ್ತಿಗೆ ಬಾಗಿಲ ಹತ್ತಿರ ಬಂದು ನಿಂತಳು. ಮೊದಲ ಸಲ ಹೋಗೋದು, ಸಮುದ್ರಕ್ಕೆ ಬರಿಗೈಯಲ್ಲಿ ಹೋಗಬಾರದಂತೆ. ಅಷ್ಟು ದೊಡ್ಡದಕ್ಕೆ ಎಷ್ಟು ಮೊಳ ಹೂ ಬೇಕಾಗುತ್ತೆ ಅಂತ ಕೇಳಿದಳು. ನನಗೆ ತಿಳಿಯಲಿಲ್ಲ. ಸೀನನನ್ನ ಕೇಳಿ ಹೇಳ್ತೀನಿ ಅಂದಿದ್ದೇನೆ. ಬೇಗ ಹೇಳು.

ನಿನ್ನ ಗೆಳೆಯ