ಚಂದ್ರವಳ್ಳಿಗೆ ಬನ್ನಿ, ಸ್ಪೀಕರ್ ಬೇಡ

ಮಾನ್ಯ ಸಂಪಾದಕರೇ,

ಚಿತ್ರದುರ್ಗದವರು ಬರೀ ಬಿಸಿಲು, ಬಂಡೆ ಅಂತ ಗೊಣಗುತ್ತೇವೆ, ಊರಿನ ಮಗ್ಗುಲಲ್ಲೇ ಚಂದ್ರವಳ್ಳಿ ಕೆರೆ, ಜೋಗಿಮಟ್ಟಿ ಕಾಡು ಇರುವುದನ್ನು ಮರೆತೇಬಿಡುತ್ತೇವೆ ಅಲ್ವಾ? 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರಲ್ಲಿ ಆರೋಗ್ಯ, ನೆಮ್ಮದಿ ಎರಡೂ ಚೆನ್ನಾಗಿದೆ ಎನ್ನುವವರೇ ಜಾಸ್ತಿ ಇದ್ದರು. ಅಷ್ಟೂ ಹೊತ್ತು ಒಂದೇ ಸಲ ಆಗಬೇಕೆಂದಿಲ್ಲ. ಖಿನ್ನತೆ ಇದ್ದವರಿಗೆ ವೈದ್ಯರು ಬೇಕೇ ಬೇಕು, ಅದು ಬೇರೆ ಮಾತು.

ನನ್ನ ತಕರಾರು ಇಷ್ಟೇ. ಕೆರೆ ಕಡೆ ವಾಕಿಂಗ್ ಬರುವ ಕೆಲವರು ಜೇಬಿನಲ್ಲಿ ಮೊಬೈಲ್ ಇಟ್ಟು ಜೋರಾಗಿ ಹಾಡು ಹಾಕಿಕೊಂಡು ಬರುತ್ತಾರೆ, ನವಿಲು ಕೂಗಿದರೂ ಕೇಳಿಸುವುದಿಲ್ಲ. ಹಾಡು ಬೇಕೇ ಬೇಕೆಂದರೆ ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಸ್ವಲ್ಪ ಹೊತ್ತು ಸುಮ್ನೆ ನಡೆಯಿರಿ.

– ಒಬ್ಬ ಓದುಗ, ಚಿತ್ರದುರ್ಗ