ನೈಲ್ ಪಾಲಿಶ್ ಒಡೆಯದೆ ‘ಟೆಸ್ಟೆಡ್ ಓಕೆ’ ಆದ ಸ್ಕೋಪ್

ಗಂಗಾವತಿ, ಕೊಪ್ಪಳ ಜಿಲ್ಲೆ
5 ಜನವರಿ 2026

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ನಿಮ್ಮಿಂದ ಕೊಂಡ 3-9×40 ಏರ್ ರೈಫಲ್ ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಟರೆಟ್ (ಗುರಿ ಹೊಂದಿಸುವ ತಿರುಗಣಿ) ದೋಷ, ಪರೀಕ್ಷೆ ಮಾಡದೆ ವಾಪಸ್ ಕಳಿಸಿದ್ದು ಮತ್ತು ಹಣ ವಾಪಸಾತಿ ಕುರಿತು.

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೇ ಪತ್ರ. ಮೊದಲ ಎರಡು ಇಮೇಲ್‌ಗೆ ಬಂದ ಉತ್ತರ ಒಂದೇ: “ಝೀರೋ ಮಾಡುವ ವಿಡಿಯೋ ನೋಡಿ ಸರ್.” ಝೀರೋ ಅಂದರೆ ಗುರಿ ಇಟ್ಟಲ್ಲೇ ಏಟು ಬೀಳುವ ಹಾಗೆ ಸ್ಕೋಪ್ ಹೊಂದಿಸೋದು. ನೋಡಿದೆ. ಎರಡು ಸಲ ನೋಡಿದೆ. ಅದರಲ್ಲಿರುವ ಹುಡುಗ ಟರೆಟ್ ತಿರುಗಿಸಿದರೆ ಏಟು ಜಾಗ ಬದಲಿಸುತ್ತೆ. ನಾನು ತಿರುಗಿಸಿದರೆ ಬದಲಿಸೋದಿಲ್ಲ. ನನ್ನ ದೂರು ಇಷ್ಟೇ. ಆದರೆ ಅದನ್ನು ನಂಬಿಸಲು ಇಷ್ಟುದ್ದ ಬರೆಯಬೇಕಾಗಿದೆ.

ನಾನು ಗಂಗಾವತಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. 22 ವರ್ಷದಿಂದ ಸಣ್ಣ ಸ್ಕ್ರೂ, ಸಣ್ಣ ಸ್ಪ್ರಿಂಗ್‌ಗಳ ಜೊತೆಗೇ ದಿನ ಕಳೆಯುತ್ತೆ. ಬಡಾಯಿಗೆ ಹೇಳುತ್ತಿಲ್ಲ. “ನಿಮಗೆ ಸ್ಕ್ರೂ ತಿರುಗಿಸೋದು ಗೊತ್ತಿರಲಿಕ್ಕಿಲ್ಲ” ಎಂದು ನಿಮ್ಮವರೊಬ್ಬರು ಫೋನಿನಲ್ಲಿ ಅಂದರಲ್ಲ, ಅದಕ್ಕೆ ಹೇಳಿದೆ.

ನವೆಂಬರ್ 24ರಂದು ನಿಮ್ಮ ವೆಬ್‌ಸೈಟಿನಲ್ಲಿ 4,650 ರೂಪಾಯಿ ಕಟ್ಟಿ ಆರ್ಡರ್ ಮಾಡಿದೆ. 29ಕ್ಕೆ ಪಾರ್ಸೆಲ್ ಬಂತು. ಡಬ್ಬಿ ಮೇಲೆ ದೊಡ್ಡ ಕೊಂಬಿನ ಸಾರಂಗದ ಚಿತ್ರ. ಒಳಗಿನ ಪುಸ್ತಿಕೆಯಲ್ಲಿ ‘ಬೇಟೆಗೆ ಹೊರಡುವ ಮೊದಲು’ ಅಂತ ಇಡೀ ಒಂದು ಪುಟ. ಯಾವ ಬೇಟೆ ಸ್ವಾಮಿ? 1972ರ ವನ್ಯಜೀವಿ ಕಾಯ್ದೆಯಡಿ ಈಗ ಮೊಲ ಹೊಡೆದರೂ ಕೇಸು. ನಮ್ಮಜ್ಜ ಹಬ್ಬಕ್ಕೆ ಬ್ಯಾಟಿಗೆ ಹೋಗುತ್ತಿದ್ದ ಕಥೆ ಹೇಳುತ್ತಿದ್ದ. ಅದು ಕಥೆಯಾಗಿಯೇ ಇರಲಿ. ನಮ್ಮದು ತಗಡಿನ ಡಬ್ಬಿ ಬೇಟೆ.

ಸಂಕ್ರಾಂತಿ ಮುಗಿದ ಭಾನುವಾರ, ಅಂದರೆ ಜನವರಿ 18ಕ್ಕೆ, ಕಾರಟಗಿ ಕಡೆ ಗೆಳೆಯನ ಗದ್ದೆಯಲ್ಲಿ ಏಳು ಜನ ಸೇರುತ್ತೇವೆ. ಭತ್ತ ಕೊಯ್ದು ಗದ್ದೆ ಖಾಲಿ ಇರುತ್ತೆ. 20 ಮೀಟರಿಗೆ ಹಾಳೆ, 30 ಮೀಟರಿಗೆ ಡಬ್ಬಿ. ಹಿಂದೆ ಮರಳು ತುಂಬಿದ ಚೀಲಗಳ ಗೋಡೆ. ಗೆದ್ದವನಿಗೆ 25 ಕೆಜಿ ಸೋನಾ ಮಸೂರಿ ಚೀಲ, ಎಲ್ಲರಿಗೂ ಸಜ್ಜೆ ರೊಟ್ಟಿ, ಎಣ್ಣೆಗಾಯಿ. ಹೋದ ವರ್ಷ ನಾನು ಆರನೆಯವನು. ಏಳನೆಯವನು ರೈಫಲ್ಲನ್ನೇ ಮನೆಯಲ್ಲಿ ಮರೆತು ಬಂದಿದ್ದ. ನನಗೀಗ 48. ಹಿಂದಿನ ಸೈಟು, ಮುಂದಿನ ಸೈಟು, ಗುರಿ, ಈ ಮೂರೂ ಒಟ್ಟಿಗೆ ಕಣ್ಣಿಗೆ ಸಿಗೋದಿಲ್ಲ. ಅದಕ್ಕೇ ಸ್ಕೋಪ್ ತಗೊಂಡೆ.

ನವೆಂಬರ್ 30ರಂದು ಕೂರಿಸಿ ಹೊಡೆದು ನೋಡಿದೆ. ಗುರಿ ಸಿಗಲಿಲ್ಲ. ಡಿಸೆಂಬರ್ 3ಕ್ಕೆ ಮೊದಲ ಇಮೇಲ್, 5ಕ್ಕೆ ಎರಡನೆಯದು. ಆಮೇಲೆ ಫೋನಿನಲ್ಲಿ “ಕಳಿಸಿಕೊಡಿ, ಟೆಸ್ಟ್ ಮಾಡಿಸುತ್ತೇವೆ” ಅಂದಿರಿ. 8ಕ್ಕೆ 180 ರೂಪಾಯಿ ಕೊಟ್ಟು ಕೊರಿಯರ್ ಮಾಡಿದೆ. 22ಕ್ಕೆ ವಾಪಸ್ ಬಂತು. ಮೇಲೊಂದು ಹಸಿರು ಚೀಟಿ: ‘ಟೆಸ್ಟೆಡ್ ಓಕೆ’.

ಈಗ ಒಂದು ವಿಷಯ ಹೇಳಲೇಬೇಕು. ನಮ್ಮ ಕಸುಬಿನಲ್ಲಿ ಒಂದು ಹಳೇ ಅಭ್ಯಾಸವಿದೆ. ಮಾಲನ್ನು ಬೇರೆಯವರ ಕೈಗೆ ಕೊಡುವಾಗ ಕಾಣದ ಹಾಗೆ ಗುರುತು ಮಾಡಿ ಕೊಡೋದು. ಕೊರಿಯರ್ ಮಾಡುವ ಮೊದಲು ಎರಡೂ ಟರೆಟ್‌ನ ಮುಚ್ಚಳ ಸೇರುವ ಗೆರೆಯ ಮೇಲೆ, ಮನೆಯವಳ ಡಬ್ಬಿಯಿಂದ ಒಂದೊಂದು ಚುಕ್ಕಿ ನೈಲ್ ಪಾಲಿಶ್ ಹಚ್ಚಿದ್ದೆ. ಸಾಸಿವೆ ಕಾಳಿನಷ್ಟು. ಮುಚ್ಚಳ ಕಾಲು ಸುತ್ತು ತಿರುಗಿದರೂ ಅದು ಬಿರುಕು ಬಿಡುತ್ತೆ. 22ಕ್ಕೆ ಪಾರ್ಸೆಲ್ ಬಿಚ್ಚಿ, ಕಣ್ಣಿಗೆ ಲೂಪ್ (ಗಡಿಯಾರದವರ ಭೂತಗನ್ನಡಿ) ಇಟ್ಟು ನೋಡಿದೆ. ಎರಡು ಚುಕ್ಕಿಯೂ ಹಚ್ಚಿದ ದಿನ ಇದ್ದ ಹಾಗೇ ಇದ್ದವು. ಮುಚ್ಚಳ ತೆಗೆಯದೆ ಟರೆಟ್ ತಿರುಗಿಸೋಕೆ ಆಗೋದಿಲ್ಲ. ಟರೆಟ್ ತಿರುಗಿಸದೆ ಟರೆಟ್ ಸರಿ ಇದೆ ಅಂತ ಹೇಳೋಕೂ ಆಗೋದಿಲ್ಲ. ಹಾಗಾದರೆ ಎರಡು ವಾರ ನಿಮ್ಮಲ್ಲಿ ಏನನ್ನು ಟೆಸ್ಟ್ ಮಾಡಿದರು? ಚೀಟಿಯ ಗೋಂದನ್ನಾ?

ನೀವು ಮಾಡದ ಪರೀಕ್ಷೆಯನ್ನು ಡಿಸೆಂಬರ್ 28ರ ಭಾನುವಾರ ನಾನೇ ಮಾಡಿದೆ. ಕಣ್ಣು ಚುರುಕಾಗಿರುವ ಸೋದರಳಿಯನನ್ನು ಕರೆದುಕೊಂಡು ಹೋಗಿದ್ದೆ. ಹೊಡೆದದ್ದೆಲ್ಲ ಅವನೇ.

ಮೊದಲು ರೈಫಲ್ ಮೇಲಿನ ಅನುಮಾನ ತೀರಲಿ ಅಂತ ಸ್ಕೋಪ್ ಬಿಚ್ಚಿಟ್ಟು ಬರೀ ಸೈಟಿನಲ್ಲಿ ಐದು ಪೆಲೆಟ್ ಹೊಡೆಸಿದೆ. ದೂರ 20 ಮೀಟರ್, ಟೇಪ್ ಹಿಡಿದು ಅಳೆದದ್ದು. ಐದೂ ತೂತು ಹತ್ತು ರೂಪಾಯಿ ನಾಣ್ಯದಡಿ ಮುಚ್ಚಿಹೋದವು. ಹತ್ತರ ನಾಣ್ಯ 27 ಮಿ.ಮೀ ಅಗಲ. ಆಮೇಲೆ ಗೆಳೆಯನ ಹಳೇ ಸ್ಕೋಪನ್ನು ನನ್ನದೇ ಮೌಂಟಿನ (ಸ್ಕೋಪ್ ಹಿಡಿದಿಡುವ ಹಿಡಿಕೆಯ) ರಿಂಗ್‌ಗಳಲ್ಲಿ, ನನ್ನದೇ ರೈಫಲ್ ಮೇಲೆ ಕೂರಿಸಿದೆವು. ಟರೆಟ್ಟನ್ನು ಎಷ್ಟು ಕ್ಲಿಕ್ (ಒಂದೊಂದು ಹಲ್ಲು) ತಿರುಗಿಸಿದೆವೋ ಏಟು ಅಷ್ಟೇ ಸರಿಯಿತು. ಅಲ್ಲಿಗೆ ರೈಫಲ್ ಸರಿ, ಮೌಂಟ್ ಸರಿ, ಹುಡುಗನ ಕೈಯೂ ಸರಿ. ನನ್ನದು ಸ್ಪ್ರಿಂಗ್ ರೈಫಲ್, ಒಳಗಿನ ಸ್ಪ್ರಿಂಗ್ ಬಲದಿಂದ ಹೊಡೆಯುವಂಥದ್ದು. ಅದನ್ನು ಗಟ್ಟಿ ಚೀಲದ ಮೇಲೆ ನೇರ ಇಟ್ಟು ಹೊಡೆದರೆ ಏಟು ಚದುರುತ್ತೆ ಅನ್ನೋದೂ ಗೊತ್ತು. ತೌಡಿನ ಚೀಲ, ಅದರ ಮೇಲೆ ಅಂಗೈ, ಅಂಗೈ ಮೇಲೆ ಸಡಿಲವಾಗಿ ರೈಫಲ್. ಹಾಗೇ ಹೊಡೆದದ್ದು.

ನಿಮ್ಮ ಸ್ಕೋಪ್ ಕೂರಿಸುವ ಮೊದಲು ಮೇಲಿನ ಟರೆಟ್ಟನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಎಣಿಸುತ್ತ ತಿರುಗಿಸಿದೆ. 212 ಕ್ಲಿಕ್. ವಾಪಸ್ 106 ತಿರುಗಿಸಿ ನಡುಮಧ್ಯಕ್ಕೆ ತಂದೆ. ಪಕ್ಕದ ಟರೆಟ್ಟಿಗೂ ಹಾಗೇ ಮಾಡಿದೆ. “ಅಡ್ಜಸ್ಟ್‌ಮೆಂಟ್ ತುದಿಗೆ ಹೋಗಿದೆ, ಅದಕ್ಕೇ ಕೆಲಸ ಮಾಡ್ತಿಲ್ಲ” ಎನ್ನುವ ಮಾತು ಬರಬಾರದು ಅಂತ. 11 ಮಿ.ಮೀ ಹಳಿಯ ಮೇಲೆ ಮೌಂಟ್ ಜಾರುತ್ತಿದೆಯಾ ನೋಡೋಕೆ ಪೆನ್ಸಿಲ್ ಗೆರೆ ಎಳೆದೆ. ಸಂಜೆವರೆಗೂ ಗೆರೆ ಕೂದಲೆಳೆಯಷ್ಟೂ ಜರುಗಲಿಲ್ಲ. ರಿಂಗ್ ಸ್ಕ್ರೂಗಳನ್ನು ಹದವಾಗಿ ಬಿಗಿದಿದ್ದೇನೆ, ಟ್ಯೂಬ್ ಮೇಲೆ ಒತ್ತಿದ ಗುರುತಿಲ್ಲ. ಫೋಟೋ ಕಳಿಸುತ್ತಿದ್ದೇನೆ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಟರೆಟ್ ಮೇಲೆ ಬರೆದಿರುವುದು ಒಂದು ಕ್ಲಿಕ್‌ಗೆ ಕಾಲು ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ 60ನೇ ಪಾಲು). 100 ಮೀಟರಿಗೆ ಅದು 7 ಮಿ.ಮೀ ಮೇಲೆ ಸ್ವಲ್ಪ. 20 ಮೀಟರಿಗೆ ಐದನೇ ಒಂದು ಪಾಲು, ಸುಮಾರು ಒಂದೂವರೆ ಮಿ.ಮೀ. ನಡುಮಧ್ಯದಲ್ಲಿಟ್ಟಾಗ ಏಟು ಗುರಿಗಿಂತ 6 ಸೆಂ.ಮೀ ಕೆಳಗೆ ಬೀಳುತ್ತಿತ್ತು. ಬ್ಯಾರಲ್ ಮಡಚುವ ರೈಫಲ್‌ಗಳಲ್ಲಿ ನಳಿಗೆ ತುಸು ತಲೆ ತಗ್ಗಿಸಿರೋದು ಮಾಮೂಲು, ಅದಕ್ಕೆ ನಿಮ್ಮನ್ನು ಬೈಯೋದಿಲ್ಲ. ಮೇಲಕ್ಕೆ 40 ಕ್ಲಿಕ್ ಕೊಟ್ಟರೆ ಸರಿಹೋಗಬೇಕು.

40 ಕ್ಲಿಕ್ ಕೊಟ್ಟೆವು. ಏಟು ಏರಿದ್ದು ಬರೀ 1 ಸೆಂ.ಮೀ. ಏನೂ ಮುಟ್ಟದೆ ಇನ್ನೂ ಐದು ಹೊಡೆಸಿದೆ. ಪೆಲೆಟ್‌ಗಳು ತಾವಾಗೇ ಮೆಟ್ಟಿಲು ಹತ್ತಿದ ಹಾಗೆ 4 ಸೆಂ.ಮೀವರೆಗೆ ಏರಿದವು! ಸೋದರಳಿಯ ಕಣ್ಣು ತೆಗೆದು, “ಮಾವ, ನಾವ್ ತಿರುವಿದ್ದು ಈಗ ಅದಕ್ಕ ನೆನಪಾಗೈತಿ ನೋಡ್ರಿ” ಅಂದ. ಬಲಕ್ಕೆ 40 ಕೊಟ್ಟರೆ 2 ಸೆಂ.ಮೀ ಹೋಗಿ ನಿಂತಿತು. ಆದರೆ ಕೆಳಕ್ಕೆ 40 ಕೊಟ್ಟಾಗ ತಕ್ಷಣ ಇಳಿಯಿತು. ಎಡಕ್ಕೆ 40 ಕೊಟ್ಟಾಗ ತಕ್ಷಣ ಎಡಕ್ಕೆ ಬಂತು. ಕೊನೆಯ ಏಟು ಮೊಟ್ಟಮೊದಲ ತೂತಿನ ಪಕ್ಕದಲ್ಲೇ ಕೂತಿತು.

ಇಲ್ಲೇ ನಿಮ್ಮ ಟೆಕ್ನಿಷಿಯನ್ ಮೋಸ ಹೋಗಬಹುದು, ಅವರು ನಿಜವಾಗಿ ನೋಡುವುದಾದರೆ. ಸುತ್ತಿ ಬಂದು ಮೊದಲಿನ ಜಾಗಕ್ಕೇ ನಿಂತಿತಲ್ಲ, ಸ್ಕೋಪ್ ಸರಿ ಇದೆ ಅನ್ನಿಸುತ್ತೆ. ಹೊರಟ ಊರಿಗೆ ವಾಪಸ್ ಬಂದಿದೆ ನಿಜ, ಆದರೆ ಹೋಗಬೇಕಾದ ಊರಿಗೆ ಹೋಗೇ ಇಲ್ಲ.

ಕಾರಣವನ್ನೂ ಹೇಳುತ್ತೇನೆ. ಸ್ಕೋಪಿನ ಒಳಗೊಂದು ಸಣ್ಣ ಟ್ಯೂಬ್ ಇರುತ್ತೆ. ಮೇಲಿನ ಟರೆಟ್ ಸ್ಕ್ರೂ ಅದನ್ನು ಮೇಲಿಂದ ಒತ್ತುತ್ತೆ, ಪಕ್ಕದ್ದು ಪಕ್ಕದಿಂದ. ಎದುರುಗಡೆಯಿಂದ ಒಂದು ಸ್ಪ್ರಿಂಗ್ ಆ ಟ್ಯೂಬನ್ನು ಸ್ಕ್ರೂಗಳಿಗೆ ಅಂಟಿಸಿ ಹಿಡಿಯಬೇಕು. ಕೆಳಕ್ಕೆ, ಎಡಕ್ಕೆ ತಿರುಗಿಸಿದಾಗ ಸ್ಕ್ರೂನೇ ಒತ್ತುತ್ತೆ, ಹಾಗಾಗಿ ಕೆಲಸ ಆಗುತ್ತೆ. ಮೇಲಕ್ಕೆ, ಬಲಕ್ಕೆ ತಿರುಗಿಸಿದಾಗ ಸ್ಕ್ರೂ ಹಿಂದೆ ಸರಿಯುತ್ತೆ, ಸ್ಪ್ರಿಂಗ್ ತಳ್ಳಬೇಕು. ನಿಮ್ಮ ಸ್ಪ್ರಿಂಗ್ ತಳ್ಳುತ್ತಿಲ್ಲ. ಒಂದೋ ಸತ್ವ ಹೋಗಿದೆ, ಇಲ್ಲಾ ಟ್ಯೂಬ್ ಎಲ್ಲೋ ಕಚ್ಚಿಕೊಂಡಿದೆ. ಕ್ಲಿಕ್ ಬೆರಳಿಗೆ ಸಿಗುತ್ತೆ, ಕಿವಿಗೂ ಕೇಳುತ್ತೆ. ಕೀ ಕೊಟ್ಟಾಗ ಟರ್ ಟರ್ ಅಂದು ಸ್ಪ್ರಿಂಗ್ ಹಿಡಿಯದ ಹಳೇ ಟೈಂಪೀಸಿನ ಹಾಗೆ. ರೈಫಲ್ಲಿನ ಒದೆತ ಬಿದ್ದಾಗ ಟ್ಯೂಬ್ ಅಷ್ಟಷ್ಟೇ ಜರುಗುತ್ತೆ.

ಇದನ್ನೂ ಪಕ್ಕಾ ಮಾಡಿಕೊಂಡೆ. ಗೆಳೆಯನ ಪಿಸಿಪಿ ರೈಫಲ್ ಮೇಲೆ ಇದೇ ಸ್ಕೋಪ್ ಹಾಕಿದೆವು. ಅದು ಗಾಳಿ ತುಂಬುವ ರೈಫಲ್, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಮೇಲಕ್ಕೆ 40 ಕ್ಲಿಕ್ ಕೊಟ್ಟು ಹತ್ತು ಹೊಡೆದರೂ ಏಟು ಇದ್ದಲ್ಲೇ. ಸ್ಕ್ರೂಡ್ರೈವರ್ ಹಿಡಿಯಿಂದ ಟರೆಟ್ ಪಕ್ಕ ಮೆಲ್ಲಗೆ ಎರಡು ಸಲ ಬಡಿದೆ. ಮುಂದಿನ ಏಟು 3 ಸೆಂ.ಮೀ ಮೇಲೆ ಹಾರಿತು.

ನಾನೇ ಬಿಚ್ಚಿ ನೋಡಬಹುದಿತ್ತು. ಕೈ ತುರಿಸಿದ್ದು ನಿಜ. ವಾರಂಟಿ ಹೋಗುತ್ತೆ ಅಂತ ಸುಮ್ನೆ ಬಿಟ್ಟೆ.

ಡಿಸೆಂಬರ್ 29ಕ್ಕೆ ಇದನ್ನೆಲ್ಲ ಬರೆದು ಮೂರನೇ ಇಮೇಲ್ ಹಾಕಿದೆ. ಜನವರಿ 2ಕ್ಕೆ ಉತ್ತರ ಬಂತು: “ಸ್ಪ್ರಿಂಗ್ ರೈಫಲ್‌ಗೆ ಬಳಸಿದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ.” ಈ ಒಂದು ವಾಕ್ಯಕ್ಕೆ ನನಗೆ ಜಾಸ್ತಿ ಸಿಟ್ಟು ಬಂದದ್ದು. ಸ್ಪ್ರಿಂಗ್ ರೈಫಲ್ ಸ್ಕೋಪಿಗೆ ಕಷ್ಟ ಕೊಡುತ್ತೆ, ಒಪ್ಪುತ್ತೇನೆ. ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗಿದಾಗ ರೈಫಲ್ ಹಿಂದಕ್ಕೆ ಒದೆಯುತ್ತೆ, ಪಿಸ್ಟನ್ ಹೋಗಿ ಗುದ್ದಿದಾಗ ಮುಂದಕ್ಕೆ ಜಗ್ಗುತ್ತೆ. ಮದ್ದಿನ ಬಂದೂಕಿಗೆ ಮಾಡಿದ ಸ್ಕೋಪ್ ಹಿಂದಿನ ಒದೆತವನ್ನು ತಡೆದುಕೊಂಡರೂ ಈ ಎರಡನೇ ಜಗ್ಗಾಟಕ್ಕೆ ಹಾಳಾಗಬಹುದು. ಅದಕ್ಕೇ ಏರ್ ರೈಫಲ್‌ಗೆ ಅಂತಲೇ ಬೇರೆ ಸ್ಕೋಪ್ ಮಾಡುತ್ತಾರೆ. ಆದರೆ ನಿಮ್ಮ ಪುಟದಲ್ಲಿ ಏನು ಬರೆದಿದ್ದೀರಿ? ‘ಎಲ್ಲ ಏರ್ ರೈಫಲ್‌ಗಳಿಗೂ ಸೂಕ್ತ.’ ನಮ್ಮ ಕಡೆ ಏರ್ ರೈಫಲ್ ಅಂದರೆ ಬಹುಪಾಲು ಸ್ಪ್ರಿಂಗಿನದೇ. ಮಾರುವಾಗ ‘ಎಲ್ಲ’, ಕೆಟ್ಟಾಗ ‘ಅದೊಂದು ಬಿಟ್ಟು’. ಇದು ಯಾವ ಸೀಮೆ ನ್ಯಾಯ? ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ, ಈಗ ಅಳಿಸಿದರೂ ಉಪಯೋಗ ಇಲ್ಲ.

ನ್ಯಾಯವಾಗಿ ಹೇಳಬೇಕಂದರೆ ಗಾಜು ಚೆನ್ನಾಗಿದೆ. ಅಂಗಡಿ ಮುಂದೆ ನಿಂತು ರಸ್ತೆಯ ಆ ತುದಿಯ ಬಸ್ ಬೋರ್ಡ್ ಓದಬಹುದು. ಆದರೆ ಬಸ್ ಬೋರ್ಡ್ ಓದೋಕೆ ನಾನು 4,650 ಕೊಟ್ಟಿಲ್ಲ.

ನನಗೆ ಬೇಕಾದದ್ದು ಸ್ಕೋಪಿನ 4,650 ಮತ್ತು ಕೊರಿಯರ್‌ನ 180, ಒಟ್ಟು 4,830 ರೂಪಾಯಿ. ಇಲ್ಲವೇ ಸ್ಪ್ರಿಂಗ್ ರೈಫಲ್‌ಗೆ ನಡೆಯುತ್ತೆ ಎಂದು ಲಿಖಿತವಾಗಿ ಕೊಟ್ಟ ಬೇರೆ ಸ್ಕೋಪ್, ಕಳಿಸುವ ಮುಂಚೆ ಟರೆಟ್ ತಿರುಗಿಸಿ ನೋಡಿದ್ದು. ಅದಾದರೆ ಜನವರಿ 14ರೊಳಗೆ ಕೈ ಸೇರಬೇಕು. ಝೀರೋ ಮಾಡಿಕೊಳ್ಳೋಕೆ ನನಗೂ ಎರಡು ದಿನ ಬೇಕಲ್ವಾ? ರಿಪೇರಿ ಮಾಡಿ ಕೊಡುತ್ತೇವೆ ಅನ್ನಬೇಡಿ. ನಿಮ್ಮ ರಿಪೇರಿ ಹೇಗಿರುತ್ತೆ ಅಂತ ನೈಲ್ ಪಾಲಿಶ್ ಹೇಳಿದೆ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಸಿಕ್ಕಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನನ್ನ ಮೊದಲ ದೂರಿಗೆ ತಿಂಗಳು ತುಂಬಿ ಎರಡು ದಿನವಾಯಿತು. 14ರೊಳಗೆ ಏನೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಹಾಕುತ್ತೇನೆ. 2019ರ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಜಾಗದಲ್ಲೇ ದೂರು ಕೊಡಬಹುದು. ನಿಮ್ಮೂರಿಗೆ ನಾನು ಬರಬೇಕಾಗಿಲ್ಲ, ನೀವೇ ಇಲ್ಲಿಗೆ ಬರಬೇಕಾಗುತ್ತೆ.

ಖರೀದಿ ಬಿಲ್, ನಿಮ್ಮ ಹಸಿರು ಚೀಟಿ, ತೂತು ಬಿದ್ದ ಹಾಳೆ, ಪೆನ್ಸಿಲ್ ಗೆರೆ, ನೈಲ್ ಪಾಲಿಶ್ ಚುಕ್ಕಿ, ಎಲ್ಲದರ ಫೋಟೋ ಇದರ ಜೊತೆಗಿದೆ. ಹಾಳೆಯಲ್ಲಿ ತೂತುಗಳ ಪಕ್ಕ ಹೊಡೆದ ಸರದಿಯ ಅಂಕಿ ಬರೆದಿದ್ದೇನೆ. ನೋಡುವವರು ಸರದಿ ಪ್ರಕಾರವೇ ನೋಡಲಿ.

ಸ್ಕೋಪ್ ಒಯ್ಯಲು ಹುಡುಗನನ್ನು ಕಳಿಸುವುದಾದರೆ ಮಧ್ಯಾಹ್ನ 2ರಿಂದ 4ರವರೆಗೆ ಅಂಗಡಿ ಮುಚ್ಚಿರುತ್ತೆ. ಈ ಸಲವೂ ಮುಚ್ಚಳಕ್ಕೆ ಚುಕ್ಕಿ ಹಚ್ಚಿಯೇ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಗಂಗಾವತಿ